ಕ್ಯಾನಿನ ತಳದಲ್ಲಿ ನಿಂತ ನೀರು

ಉಗ್ರಾಣದ ಶಟರ್ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಪೆಟ್ರೋಲಿನ ವಾಸನೆಯಲ್ಲ. ಬಹಳ ದಿನ ಮುಚ್ಚಿಟ್ಟ ವಾರ್ನಿಶ್ ಡಬ್ಬಿ ತೆರೆದರೆ ಬರುತ್ತದಲ್ಲ, ಅಂಥ ಹುಳಿ ವಾಸನೆ. ಎರಡು ಫೈಬರ್ ದೋಣಿಗಳು ಬೋರಲು ಬಿದ್ದಿದ್ದವು. ಅವುಗಳ ಹಿಂಬದಿಗೆ ಕಟ್ಟುವ ಎರಡು ಔಟ್‌ಬೋರ್ಡ್ ಎಂಜಿನ್‌ಗಳನ್ನು ಯಾರೋ ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಮೂಲೆಯಲ್ಲಿ ಆರು ಪ್ಲಾಸ್ಟಿಕ್ ಕ್ಯಾನುಗಳು. ಹೋದ ಮಳೆಗಾಲಕ್ಕೆಂದು ತಂದು, ಆಯಿಲ್ ಬೆರೆಸಿ, ಬಳಸದೆ ಉಳಿದ ಪೆಟ್ರೋಲು.

ಬನಹಟ್ಟಿಯಲ್ಲಿ ಮಗ್ಗದ ಮೋಟಾರು, ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಆ ವರ್ಷ ಜಮಖಂಡಿ ಕಡೆಯ ಹೊಳೆಸಾಲಿಗೆ ತಾಲ್ಲೂಕು ಕಚೇರಿಯವರು ಕರೆಸಿದ್ದು ಈ ಎರಡು ಎಂಜಿನ್‌ಗಳನ್ನು ಮಳೆಗೆ ಮೊದಲೇ ತಯಾರು ಮಾಡಿಕೊಡಲಿಕ್ಕೆ. ಕೃಷ್ಣೆ ಏರಿದರೆ ದಂಡೆಯ ಊರುಗಳ ಜನರನ್ನು ದಾಟಿಸಲು ಇದ್ದದ್ದು ಇವೇ ದೋಣಿ.

ಮೊದಲು ಎಂಜಿನ್ ಮುಟ್ಟಲಿಲ್ಲ. ಒಂದು ಗಾಜಿನ ಸೀಸೆ ತೊಳೆದು ಒಣಗಿಸಿ, ಕ್ಯಾನಿನ ತಳದವರೆಗೆ ನಳಿಕೆ ಇಳಿಬಿಟ್ಟು ಎಳೆದು ತುಂಬಿಸಿದೆ. ಬಿಸಿಲಿಗೆ ಹಿಡಿದು ನೋಡಿದರೆ ಮೇಲೆ ತಿಳಿಗೆಂಪು ಪೆಟ್ರೋಲು, ಕೆಳಗೆ ಎರಡು ಬೆರಳಷ್ಟು ಮಂಜು ಮಂಜಾದ ನೀರು. ನಡುವೆ ದಾರ ಎಳೆದ ಹಾಗೆ ಗೆರೆ. ಆರೂ ಕ್ಯಾನಿನಲ್ಲಿ ಅದೇ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ನಮ್ಮ ಸುತ್ತಲೇ ಬೆಳೆಯುವ ಕಬ್ಬಿನಿಂದ ಆಗುವ ಸ್ಪಿರಿಟ್ಟು ಅದು. ಬೈಕಿಗೆ ತೊಂದರೆಯಿಲ್ಲ, ವಾರದಲ್ಲಿ ಟಾಕಿ ಖಾಲಿಯಾಗಿ ಹೊಸದು ಬೀಳುತ್ತದೆ. ಕ್ಯಾನಿನಲ್ಲಿ ವರ್ಷಪೂರ್ತಿ ಕೂತರೆ ಆ ಎಥನಾಲ್ ಗಾಳಿಯ ತೇವ ಕುಡಿಯುತ್ತದೆ. ಕುಡಿದು ಕುಡಿದು ಒಂದು ದಿನ ಪೆಟ್ರೋಲಿನ ಸಂಗ ಬಿಟ್ಟು, ನೀರನ್ನು ಕರೆದುಕೊಂಡು ತಳಕ್ಕೆ ಇಳಿದುಬಿಡುತ್ತದೆ. ಮೇಲೆ ಉಳಿದದ್ದು ಬಲ ಕಳೆದುಕೊಂಡ ಪೆಟ್ರೋಲು. ದೋಣಿಯ ಟಾಕಿಯ ನಳಿಕೆ ಎಣ್ಣೆ, ಅಂದರೆ ಪೆಟ್ರೋಲು, ಹೀರುವುದು ತಳದಿಂದ. ಹಾಗಾಗಿ ಎಂಜಿನ್ನಿಗೆ ಮೊದಲು ಹೋಗುವುದೇ ಆ ನೀರು.

ಉಗ್ರಾಣ ನೋಡಿಕೊಳ್ಳುತ್ತಿದ್ದ ಮೇಡಂ ಅವರನ್ನು ಕರೆದು ಸೀಸೆ ತೋರಿಸಿದೆ.

"ಮೇಡಂ, ಆರೂ ಕ್ಯಾನ್ ಕೆಟ್ಟಾವ್ರಿ. ಇವನ್ನ ಖಾಲಿ ಮಾಡಿಬಿಡೂಣು."

"ಖಾಲಿ? ಅದು ಸ್ಟಾಕಿನಾಗ ಐತ್ರಿ."

"ಸ್ಟಾಕಿನಾಗ ಇದ್ರೂ ಎಂಜಿನ್ನಿಗಿ ಹಾಕಾಕ ಬರಂಗಿಲ್ರಿ. ಇಲ್ಲಿ ನೋಡ್ರಿ, ಕೆಳಗ ನೀರ ನಿಂತೈತಿ."

ಅವರು ಕನ್ನಡಕ ಏರಿಸಿಕೊಂಡು, ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಡಾಫೆ ಮಾಡುವ ಹೆಂಗಸಲ್ಲ. "ತಿಳೀತ್ರಿ. ಆದ್ರ ಹೋದ ವರ್ಷ ಹರದ ಲೈಫ್ ಜಾಕೆಟ್ ಎರಡ ಕಸಕ್ಕ ಹಾಕಿಸಿದ್ದಕ್ಕ ನನಗ ನೋಟಿಸ್ ಬಂದೈತಿ. ಇನ್ನೂ ಉತ್ತರ ಕೊಡಾಕತ್ತೇನಿ. ಮಂಜೂರಾತಿಗೆ ಬರದು ಕಳಸ್ತೇನಿ. ಅಲ್ಲಿತನ ಅವು ಇಲ್ಲೇ ಇರ್ಲಿ."

"ಯಾರರ ತಿಳೀದ ಹಾಕಿದ್ರ?"

"ಗುರುತು ಮಾಡ್ರಿ."

ಆರೂ ಕ್ಯಾನಿಗೆ ಕೆಂಪು ಬಣ್ಣದ ಪಟ್ಟಿ ಎಳೆದೆ. ಅವತ್ತು ನಾನೇ ಹಿಂದಿನ ಪಾಳು ಜಾಗಕ್ಕೆ ಹೊತ್ತೊಯ್ದು ಸುರುವಿಬಿಟ್ಟಿದ್ದರೆ ಬೈಸಿಕೊಳ್ಳುತ್ತಿದ್ದೆ, ಕೆಲಸ ಹೋಗುತ್ತಿತ್ತು. ಅಷ್ಟೇ. ಬಣ್ಣ ಬಳಿದು ಕೈ ಒರೆಸಿಕೊಂಡೆ.

ಎಂಜಿನ್‌ಗಳ ಸ್ಥಿತಿ ಇನ್ನೂ ಕೆಟ್ಟದಿತ್ತು. ಹೋದ ವರ್ಷ ಕೆಲಸ ಮುಗಿದ ಮೇಲೆ ಕಾರ್ಬೊರೇಟರಿನಲ್ಲಿದ್ದ ಎಣ್ಣೆಯನ್ನು ಯಾರೂ ಉರಿಸಿ ಖಾಲಿ ಮಾಡಿರಲಿಲ್ಲ. ಅದು ಒಣಗಿ ಬೆಲ್ಲದ ಪಾಕದ ಹಾಗೆ ಅಂಟಾಗಿತ್ತು. ಕೂದಲೆಳೆ ಹೋಗುವಷ್ಟು ಸಣ್ಣ ತೂತಿನ ಜೆಟ್‌ಗಳು ಪೂರ್ತಿ ಮುಚ್ಚಿದ್ದವು. ದ್ರಾವಣದಲ್ಲಿ ಎರಡು ದಿನ ನೆನೆಸಿ, ತಾಮ್ರದ ಎಳೆ ಹಾಕಿ ಒಂದೊಂದೇ ಬಿಡಿಸಿದೆ. ಉಕ್ಕಿನ ತಂತಿ ಹಾಕಿದರೆ ತೂತು ಅಗಲವಾಗಿ ಎಂಜಿನ್ ಜಾಸ್ತಿ ಕುಡಿಯುತ್ತದೆ. ಎಣ್ಣೆ ಹೋಗುವ ರಬ್ಬರ್ ನಳಿಕೆ ಎಥನಾಲ್ ತಿಂದು ಉಬ್ಬಿ, ಒಳಗೆ ಪದರ ಬಿಟ್ಟಿತ್ತು. ಒಂದರ ಗೇರಿನ ಆಯಿಲ್ ಬಿಚ್ಚಿದರೆ ಚಹಾದ ಬಣ್ಣದಲ್ಲಿ ಬಂತು. ಸೀಲಿನೊಳಗೆ ನೀರು ನುಗ್ಗಿತ್ತು. ಎಂಜಿನ್ ತಂಪು ಮಾಡಲು ಹೊಳೆಯ ನೀರು ಎಳೆದುಕೊಡುವ ಇಂಪೆಲ್ಲರ್ ಎನ್ನುವ ರಬ್ಬರ್ ಚಕ್ರದ ಎಸಳುಗಳು ಮುಟ್ಟಿದರೆ ಮುರಿಯುತ್ತಿದ್ದವು. ಅದು ನಮ್ಮ ಕಡೆ ಸಿಗುವ ಸಾಮಾನಲ್ಲ. ಹೇಳಿ ತರಿಸುವಷ್ಟರಲ್ಲಿ ಎಂಟು ದಿನ ಹೋದವು. ಮೊದಲು ಬಂದದ್ದು ಬೇರೆ ಅಳತೆಯದು. ವಾಪಸ್ ಕಳಿಸಿ ಮತ್ತೆ ಕಾದೆ.

ದೋಣಿ ನಡೆಸಲು ಬಂದವನು ಅನಗವಾಡಿಯ ಒಬ್ಬ ಮೀನುಗಾರ. ಐವತ್ತೈದು ದಾಟಿದ್ದ, ಮಾತು ಕಡಿಮೆ. ಹುಟ್ಟು ಹಾಕಿ ಹಾಕಿ ಅವನ ರಟ್ಟೆಗಳು ಬೇವಿನ ಬೊಡ್ಡೆಯಾಗಿದ್ದವು. ನಾನು ಕಾಕಾ ಎನ್ನುತ್ತಿದ್ದೆ, ಅವನು ನನಗೆ ಮೇಸ್ತ್ರಿ ಎನ್ನುತ್ತಿದ್ದ. ಹೊಳೆಯನ್ನು ಅವನು ಓದುವಷ್ಟು ಎಂಜಿನ್ನನ್ನು ನಾನು ಓದುವುದಿಲ್ಲ ಎನ್ನುವುದು ಎರಡೇ ದಿನದಲ್ಲಿ ನನಗೆ ಗೊತ್ತಾಯಿತು.

ಅವನಿಗೆ ನಾನು ದಿನದ ಉಪಚಾರ ಕಲಿಸಿದೆ. ದಂಡೆಗೆ ಬಂದ ಮೇಲೆ ಎಂಜಿನ್ನನ್ನು ಡ್ರಮ್ಮಿನ ಚೊಕ್ಕ ನೀರಲ್ಲಿ ಓಡಿಸಿ ಹೊಟ್ಟೆಯ ರಾಡಿ ತೊಳೆಯುವುದು. ಆಮೇಲೆ ಎಣ್ಣೆಯ ನಳಿಕೆ ಕಿತ್ತು, ಒಳಗಿದ್ದದ್ದನ್ನು ಕುಡಿದು ತಾನಾಗಿ ನಿಲ್ಲುವವರೆಗೆ ಬಿಡುವುದು. ಪಕ್ಕದ ತೂತಿನಿಂದ ನೀರಿನ ಧಾರೆ ಬೀಳುತ್ತಿದೆಯೇ ಎಂದು ಸದಾ ಒಂದು ಕಣ್ಣು ಇಡುವುದು. ಧಾರೆ ನಿಂತರೆ ತಕ್ಷಣ ಬಂದ್.

"ಅಂದ್ರ ಉಚ್ಚಿ ಹೊಯ್ಯಾಕತ್ತೈತಿ ಅಂದ್ರ ಜೀವ ಐತಿ ಅಂದಂಗ," ಎಂದ ಕಾಕಾ. ಅವನು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ಎರಡೂ ಎಂಜಿನ್ ಮೂರನೇ ಎಳೆತಕ್ಕೆ ಹಿಡಿಯತೊಡಗಿದ ಮೇಲೆ ಕಾಗದಕ್ಕೆ ಸಹಿ ಮಾಡಿದೆ. "ದೋಣಿಗಳು ಸುಸ್ಥಿತಿಯಲ್ಲಿವೆ" ಎಂದು ಮೊದಲೇ ಬರೆದಿತ್ತು. "ಎಣ್ಣೆ ಹೊರತುಪಡಿಸಿ" ಎಂದು ಪೆನ್ನಿನಲ್ಲಿ ಸೇರಿಸಿದೆ. ಎಣ್ಣೆಯನ್ನು ಕೂಡಿಡುವುದು ಬೇಡ, ಹೊಳೆ ಏರುವ ಸುದ್ದಿ ಬಂದ ದಿನ ಬಂಕಿನಿಂದ ಹೊಸದು ತಂದು ಆಯಿಲ್ ಬೆರೆಸೋಣ ಎಂದೂ ಮೇಡಂಗೆ ಹೇಳಿದೆ. ಒಪ್ಪಿದರು. ಮಂಜೂರಾತಿ ಮಾತ್ರ ಬಂದಿರಲಿಲ್ಲ.

ಮಹಾರಾಷ್ಟ್ರದ ಕಡೆ ಮಳೆ ಹಿಡಿದು ಹೊಳೆ ಏರತೊಡಗಿದಾಗ ನಾನು ದಂಡೆಯಲ್ಲೇ ಇದ್ದೆ. ಮೊದಲ ಎರಡು ದಿನ ಎಂಜಿನ್‌ಗಳು ನನ್ನ ಮಾನ ಉಳಿಸಿದವು. ತೊಂದರೆ ಬಂದದ್ದು ಕಬ್ಬಿನಿಂದ. ಮುಳುಗಿದ ಕಬ್ಬಿನ ರವದಿ, ಅದರ ಒಣ ಗರಿ, ತೇಲಿ ಬಂದು ಎಂಜಿನ್ನಿನ ಪಂಖಕ್ಕೆ ಸುತ್ತಿಕೊಳ್ಳುತ್ತಿತ್ತು, ನೀರೆಳೆಯುವ ಜಾಲರಿಯನ್ನು ಮುಚ್ಚುತ್ತಿತ್ತು. ಕಾಕಾ ಪ್ರತಿ ಸಲವೂ ಎಂಜಿನ್ ಎತ್ತಿ, ಕುಡುಗೋಲಿನಿಂದ ಕೊಯ್ದು ತೆಗೆಯುತ್ತಿದ್ದ. ಹೆಂಗಸರು, ಮುದುಕರು, ಆಡು, ಟಿವಿ, ಜೋಳದ ಚೀಲ ಎಲ್ಲ ದಾಟಿದವು.

ಮೂರನೇ ದಿನ ಬೆಳಗ್ಗೆ ಎರಡನೇ ದೋಣಿಯನ್ನು ಕೆಳಗಿನ ಊರಿಗೆ ಕಳಿಸಿದರು. ಉಳಿದ ಹೊಸ ಎಣ್ಣೆಯಲ್ಲಿ ಹೆಚ್ಚಿನದು ಅದರ ಜೊತೆ ಹೋಯಿತು. ನಮ್ಮ ಪಾಲಿನ ಎಣ್ಣೆ ಮಹಾಲಿಂಗಪುರದ ಕಡೆಯಿಂದ ಜೀಪಿನಲ್ಲಿ ಬರಬೇಕಿತ್ತು. ಹತ್ತು ಗಂಟೆಗೆ ಬರುವ ಜೀಪು ಹನ್ನೆರಡಾದರೂ ಇಲ್ಲ. ಫೋನ್ ಮಾಡಿದರೆ, ರಸ್ತೆಯ ಮೇಲೆ ಹಳ್ಳ ಬಂದಿದೆ, ಸುತ್ತು ಹಾಕಿ ಬರುತ್ತಿದ್ದೇನೆ, ಇನ್ನೊಂದು ತಾಸು ಎಂದ ಡ್ರೈವರ್.

ಅಷ್ಟರಲ್ಲಿ ಹೊಲಗಳ ಮೇಲೆ ಹರಿಯುತ್ತಿದ್ದ ನೀರಿನ ಆಚೆ, ತೋಟದ ಮನೆಯಿಂದ ಕೂಗು ಕೇಳಿಸಿತು. ಹಿಂದಿನ ದಿನ ಕರೆದರೆ ಬರದೆ ಉಳಿದಿದ್ದ ಒಂದು ಕುಟುಂಬ, ಆರು ಜನ, ಮಾಳಿಗೆ ಏರಿದ್ದರು. ಮಣ್ಣಿನ ಗೋಡೆ. ನಮ್ಮ ಕಣ್ಣೆದುರೇ ಅದರ ಒಂದು ಮೂಲೆ ಕಳಚಿ ನೀರಿಗೆ ಬಿತ್ತು. ಸದ್ದು ಸ್ವಲ್ಪ ತಡವಾಗಿ ನಮ್ಮವರೆಗೆ ಬಂತು.

ದಂಡೆಯ ಮೇಲೆ ಉಸ್ತುವಾರಿ ನೋಡುತ್ತಿದ್ದ ಸಾಹೇಬರು ನನ್ನತ್ತ ತಿರುಗಿದರು. "ಟ್ರ್ಯಾಕ್ಟರಿನಾಗ ಕ್ಯಾನ್ ಅದಾವಲ್ಲ?"

ಇದ್ದವು. ಇದ್ದಬದ್ದ ಸಾಮಾನೆಲ್ಲ ಹೇರಿಕೊಂಡು ಬನ್ನಿ ಎಂದು ಯಾರೋ ಹೇಳಿದ್ದರಂತೆ. ಕೆಂಪು ಪಟ್ಟಿಯ ಆರೂ ಕ್ಯಾನು ಟ್ರೇಲರಿನಲ್ಲಿ ಸಾಲಾಗಿ ಕೂತಿದ್ದವು.

"ಅವು ಕೆಟ್ಟಾವ್ರಿ ಸಾಹೇಬ್ರ."

"ಪೂರಾ ಕೆಟ್ಟಾವ?"

ಇಲ್ಲಿ ನಾನು "ಹೌದು" ಎನ್ನಬೇಕಿತ್ತು. ಆದರೆ ಮೇಸ್ತ್ರಿಗೆ ಒಂದು ಸೊಕ್ಕಿರುತ್ತದೆ. ಯಾರಿಂದಲೂ ಆಗದ್ದು ತನ್ನಿಂದ ಆಗುತ್ತದೆ ಎಂಬ ಸೊಕ್ಕು. "ಮ್ಯಾಲಿಂದ ತಗದ್ರ ನಡೀಬಹುದ್ರಿ," ಎಂದೆ.

ಟಾಕಿ ಅಲ್ಲಾಡಿಸಿ ನೋಡಿದೆ. ಹೊಸ ಎಣ್ಣೆ ತಳದಲ್ಲಿ ಒಂದಿಷ್ಟು ಉಳಿದಿತ್ತು. ಹೋಗಲು ಸಾಕು, ಬರಲು ಸಾಲದು. ಒಂದು ಕ್ಯಾನ್ ಇಳಿಸಿ ಸಮ ನೆಲದ ಮೇಲಿಟ್ಟೆ. ಟ್ರ್ಯಾಕ್ಟರಿನಲ್ಲಿ ಕುಲುಕಿ ಬಂದದ್ದರಿಂದ ಮೇಲಿನದು, ಕೆಳಗಿನದು ಕಲಸಿಹೋಗಿ ಮಜ್ಜಿಗೆಯಂತಾಗಿತ್ತು. ಅದು ಮತ್ತೆ ತಿಳಿಯಾಗಲು ತಾಸಾದರೂ ಬೇಕು. ತಾಸು ಕಾಯುವುದಾದರೆ ಜೀಪೇ ಬರುತ್ತಿತ್ತು. ಹತ್ತು ನಿಮಿಷ ಬಿಟ್ಟೆ. ಆಮೇಲೆ ನಳಿಕೆಯನ್ನು ಮೇಲ್ಮಟ್ಟದಲ್ಲೇ ಹಿಡಿದು, ನೀರು ತಡೆಯುವ ಮೆದು ಚರ್ಮದ ಅರಿವೆಯನ್ನು ಮೂರು ಪದರ ಮಾಡಿ ಸೋಸಿ ಟಾಕಿಗೆ ಬಿಟ್ಟೆ. ಸೋಸಿದ್ದನ್ನು ಸೀಸೆಯಲ್ಲಿ ಹಿಡಿದರೆ ಪೂರ್ತಿ ತಿಳಿ ಇರಲಿಲ್ಲ. ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟು ಮಬ್ಬು. ಸೀಸೆಯನ್ನು ಚೀಲದೊಳಗೆ ಇಟ್ಟುಬಿಟ್ಟೆ.

ಕಾಕಾ ದೋಣಿಯಲ್ಲಿ ಕೂತು, ಎಂಜಿನ್ನಿನ ಹಗ್ಗ ಹಿಡಿದು ನನ್ನ ಮುಖ ನೋಡಿದ.

"ಎಣ್ಣಿ ಬರೋಬರಿ ಐತಿ, ಮೇಸ್ತ್ರಿ?"

ಆಚೆ ಮಾಳಿಗೆಯಲ್ಲಿ ಒಬ್ಬ ಹೆಂಗಸು ಸೆರಗು ಬೀಸುತ್ತಿದ್ದಳು. ಸಾಹೇಬರು ಗಡಿಯಾರ ನೋಡುತ್ತಿದ್ದರು. ಖರೆ ಹೇಳಿದರೆ ಇವನು ಇಳಿದುಬಿಡುತ್ತಾನೆ ಎಂದುಕೊಂಡೆ.

"ಬರೋಬರಿ ಐತಿ ಕಾಕಾ. ನಡಿ."

ಅವನು ಮತ್ತೆ ಕೇಳಲಿಲ್ಲ. ನೇರ ದಾರಿ ಹಿಡಿದ. ಸೆಳವು ಜೋರಿದ್ದ ನಡುಭಾಗವನ್ನು ಕೊಯ್ದುಕೊಂಡು ಮನೆಗೆ ಮುಟ್ಟಿದ. ಹೋಗುವಾಗ ಎಂಜಿನ್ನಿನ ದನಿಯಲ್ಲಿ ಒಂದು ತೊದಲೂ ಇರಲಿಲ್ಲ. ಆರೂ ಜನ ದೋಣಿಗೆ ಇಳಿದು ಕೂತದ್ದು ಕಂಡಿತು. ನನ್ನ ಎದೆ ಹಗುರಾಯಿತು. ನನ್ನ ಸೋಸುವಿಕೆಯ ಬಗ್ಗೆ ಸಣ್ಣ ಹೆಮ್ಮೆಯೂ ಆಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಬರುವಾಗ ಸರಿಯಾಗಿ ಸೆಳವಿನ ನಡುವೆ ದನಿ ಬದಲಾಯಿತು. ಅಷ್ಟು ಹೊತ್ತಿಗೆ ಆ ಮಬ್ಬಿನೊಳಗಿನ ನೀರು ಟಾಕಿಯ ತಳಕ್ಕೆ ಇಳಿದಿರಬೇಕು. ಒಮ್ಮೆ ಏರಿತು, ಒಮ್ಮೆ ಇಳಿಯಿತು, ಕೆಮ್ಮಿತು. ನೀರು ಹೀರಿದ ಎಂಜಿನ್ ಹಾಗೇ ಸಾಯುವುದು. ಒಮ್ಮೆಲೇ ನಿಲ್ಲುವುದಿಲ್ಲ, ಒಂದೆರಡು ಸಲ ಆಸೆ ತೋರಿಸುತ್ತದೆ. ಕಾಕಾ ಹಗ್ಗ ಎಳೆದ, ಮತ್ತೆ ಎಳೆದ. ದೋಣಿ ಅಡ್ಡ ತಿರುಗಿ ಕೆಳಗೆ ಹೊರಟಿತು. ಅವನು ಎಂಜಿನ್ ಬಿಟ್ಟು ಹುಟ್ಟು ಹಿಡಿದ. ಏಳು ಜನರ ಭಾರದ ದೋಣಿಗೆ ಆ ಸೆಳವಿನಲ್ಲಿ ಒಂದು ಹುಟ್ಟು ಏನು ಮಾಡೀತು.

ದಂಡೆಗುಂಟ ಓಡಿದೆವು. ಸ್ವಲ್ಪ ಕೆಳಗೆ, ಮುಳುಗಿದ ಒಡ್ಡಿನ ಮೇಲೆ ಜಾಲಿ ಗಿಡಗಳ ಸಾಲು ತಲೆ ಎತ್ತಿತ್ತು. ಅದನ್ನು ದಾಟಿದರೆ ದೋಣಿ ದೊಡ್ಡ ಹೊಳೆಗೆ ಬೀಳುತ್ತದೆ. ಕಾಕಾ ದೋಣಿಯ ಮೂಗಿಗೆ ಕಟ್ಟಿದ್ದ ಹಗ್ಗವನ್ನು ಒಂದು ಕೊಂಬೆಗೆ ಬೀಸಿ ಸುತ್ತಿದ. ತುದಿ ಕಟ್ಟಲು ಹೊತ್ತು ಸಿಗಲಿಲ್ಲ, ಬಲಗೈಗೆ ಸುತ್ತಿಕೊಂಡು ಹಿಡಿದ. ದೋಣಿಯ ಪೂರ್ತಿ ಭಾರ ಆ ಹಗ್ಗದ ಮೇಲೆ ಬಿತ್ತು. ಅವನು ಕೂಗಿದ್ದು ನಮಗೆ ಕೇಳಿಸಿತು. ಹಗ್ಗ ಮಾತ್ರ ಬಿಡಲಿಲ್ಲ. ದೋಣಿಯಲ್ಲಿದ್ದವರು ಕೊಂಬೆಗಳನ್ನು ತಬ್ಬಿ, ತುದಿಯನ್ನು ಬೊಡ್ಡೆಗೆ ಬಿಗಿಯುವವರೆಗೂ ಹಿಡಿದೇ ಇದ್ದ.

ಕೆಳಗಿನ ಊರಿನಿಂದ ಎರಡನೇ ದೋಣಿ ಬರಲು ಅರ್ಧ ತಾಸು ಹಿಡಿಯಿತು. ಆರೂ ಜನಕ್ಕೆ ಒಂದು ಗಾಯ ಇಲ್ಲ. ಕಾಕಾನ ಬಲಗೈಯ ತೋರುಬೆರಳು, ನಡುಬೆರಳು ಚರ್ಮದಲ್ಲಿ ನೇತಾಡುತ್ತಿದ್ದವು. ಆಸ್ಪತ್ರೆಯಲ್ಲಿ ಎರಡನ್ನೂ ತೆಗೆಯಬೇಕಾಯಿತು. ಅವನನ್ನು ಜೀಪಿಗೆ ಹತ್ತಿಸುವಾಗ ಅದರ ಹಿಂದಿನ ಸೀಟಿನಲ್ಲಿ ಹೊಸ ಎಣ್ಣೆಯ ಕ್ಯಾನುಗಳಿದ್ದವು. ನಾವು ಕಾಯುತ್ತಿದ್ದ ಜೀಪೇ ಅದು.

ಮರುದಿನ ಎಂಜಿನ್ ಬಿಚ್ಚಿದೆ. ಕಾರ್ಬೊರೇಟರಿನ ಬಟ್ಟಲಲ್ಲಿ ಮುತ್ತಿನ ಹಾಗೆ ನೀರಿನ ಹನಿಗಳು ಉರುಳಾಡುತ್ತಿದ್ದವು. ಗಾಜಿನ ಲೋಟಕ್ಕೆ ಸುರಿದು, ಮುಚ್ಚಿ, ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು. "ಹೇಳಿಕಿ ಕೊಟ್ಟ ಹೋಗ್ರಿ," ಎಂದರು.

ಹೇಳಿದೆ. ಒಬ್ಬರು ಬರೆದುಕೊಂಡರು. ಎರಡು ದಿನ ಬಿಟ್ಟು ಟೈಪಾದ ಪ್ರತಿ ಬಂತು. ಎಣ್ಣೆಯ ಮಾತೇ ಅದರಲ್ಲಿಲ್ಲ. ಎಂಜಿನ್ ಸುಸ್ಥಿತಿಯಲ್ಲಿತ್ತು, ಹೆಚ್ಚಿನ ಭಾರ ಹೇರಿ ಪ್ರವಾಹದ ನಡುವೆ ನಡೆಸಿದ್ದರಿಂದ ನಿಂತಿತು ಎಂದಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

ಉಗ್ರಾಣದ ಮೇಡಂ ಪಕ್ಕದಲ್ಲೇ ನಿಂತಿದ್ದರು. ದನಿ ತಗ್ಗಿಸಿ ಹೇಳಿದರು. "ಎಣ್ಣಿ ಸುದ್ದಿ ಬರದ್ರ ಕ್ಯಾನ್ ಯಾಕ ಇಟ್ಟಿದ್ರಿ ಅಂತ ನನ್ನ ಕೇಳ್ತಾರ. ಕೇಳ್ಲಿ, ನನ್ನ ಕಾಗದ ಅದಾವ. ಆದ್ರ ಟಾಕಿಗಿ ಹಾಕಿದ ಕೈ ನಿಮ್ಮದು. ಅದನ್ನೂ ಬರೀತೇರೇನು?"

"ಬರೀತೇನ್ರಿ."

ಟೈಪಾದದ್ದಕ್ಕೆ ಸಹಿ ಮಾಡಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಕೈಯಿಂದಲೇ ಎರಡು ಪುಟ ಬರೆದೆ. ಕ್ಯಾನು ಕೆಟ್ಟದ್ದು ಗೊತ್ತಿತ್ತು, ಸೋಸಿ ಹಾಕಿದೆ, ಹಾಕಿದವನು ನಾನು, ಚಾಲಕನಿಗೆ ಇದು ತಿಳಿದಿರಲಿಲ್ಲ. ಕೊಟ್ಟು ಬಂದೆ. ತೆಗೆದುಕೊಂಡರು. ಯಾರೂ ಬೈಯಲಿಲ್ಲ, ಯಾರೂ ಮತ್ತೆ ಕರೆಯಲಿಲ್ಲ.

ನೀರು ಇಳಿಯಿತು. ಕಬ್ಬು ಕೊಳೆತ ವಾಸನೆ ಹೊಳೆಸಾಲಿನ ತುಂಬ ಹಬ್ಬಿ, ಅದೂ ಹೋಯಿತು. ದೀಪಾವಳಿಯ ಮುಂದೆ ಮೇಡಂ ಫೋನ್ ಮಾಡಿದರು. ಕೆಟ್ಟ ಎಣ್ಣೆಯ ವಿಲೇವಾರಿಗೆ ಮಂಜೂರಾತಿ ಬಂದಿದೆಯಂತೆ. ಅವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. ಆಮೇಲೆ ತಡೆದು, "ವರದಿನೂ ಬಂತ್ರಿ," ಎಂದರು. "ಚಾಲಕರ ಪಟ್ಟಿಯಿಂದ ನಿಮ್ಮ ಕಾಕಾರ ಹೆಸರು ತಗದಾರ. ಒಂದು ಪ್ರತಿ ಅವರ ಮನಿಗಿ ಹೋಗೈತಿ. ನೀವು ಬರದದ್ದು ಕಡತದಾಗ ಎಲ್ಲೂ ಕಾಣವಲ್ದು."

ಅನಗವಾಡಿಗೆ ಹೋಗಲು ನನಗೆ ಅಷ್ಟು ದಿನ ಧೈರ್ಯ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ಸಲ ನೋಡಿದ್ದೆ, ಎರಡೂ ಸಲ ಸುತ್ತ ಜನ ಇದ್ದರು. ಅದನ್ನೇ ನೆಪ ಮಾಡಿಕೊಂಡು ಬಾಯಿ ಬಿಡದೆ ಬಂದಿದ್ದೆ. ಆ ವಾರ ಹೋದೆ.

ಕಾಕಾ ಮನೆಯ ಮುಂದೆ ಬಲೆ ಹರವಿಕೊಂಡು ಕೂತಿದ್ದ. ಬಲೆಯ ಹರಿದ ಕಣ್ಣುಗಳನ್ನು ಹೆಂಡತಿ ಗಂಟು ಹಾಕುತ್ತಿದ್ದಳು. ಅವನು ಎಡಗೈಯಲ್ಲಿ ಬಲೆ ಹಿಡಿದುಕೊಡುತ್ತಿದ್ದ, ಅಷ್ಟೇ. ಅವಳು ಚಹಾ ತರಲು ಒಳಗೆ ಹೋದಾಗ ಅವನು ಅಂಗಿಯ ಕಿಸೆಯಿಂದ ಮಡಚಿದ ಕಾಗದ ತೆಗೆದು ಕೊಟ್ಟ.

"ಓದು ಮೇಸ್ತ್ರಿ. ನನಗ ಓದಾಕ ಬರಂಗಿಲ್ಲ. ಊರಾಗಿನವರ ಕೈಯಾಗ ಕೊಡಾಕ ಮನಸ್ಸಾಗಲಿಲ್ಲ."

ಓದಿದೆ. "ಚಾಲಕನ ನಿರ್ಲಕ್ಷ್ಯದಿಂದ" ಎಂಬಲ್ಲಿಗೆ ಬಂದಾಗ ಕಾಕಾ ತಡೆದ.

"ನಿರ್ಲಕ್ಷ್ಯ ಅಂದ್ರ?"

"ಲಕ್ಷ್ಯ ಕೊಡಲಾರದ್ದು, ಕಾಕಾ."

ಅವನು ಮತ್ತೆ ಬಲೆ ಎಳೆದುಕೊಂಡ. ನನಗೆ ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಸೀಸೆಯಲ್ಲಿ ಮಬ್ಬು ಕಂಡದ್ದು, ಅದನ್ನು ಚೀಲದಲ್ಲಿ ಅಡಗಿಸಿದ್ದು, ಬರೋಬರಿ ಐತಿ ಎಂದು ಸುಳ್ಳು ಹೇಳಿದ್ದು. "ಖರೆ ಹೇಳಿದ್ರ ನೀ ಹೋಗಂಗಿಲ್ಲ ಅಂತ ಅಂಜಿದ್ನಿ," ಎಂದೆ. ನಾನು ಕೈಯಿಂದ ಬರೆದುಕೊಟ್ಟ ಎರಡು ಪುಟಗಳ ವಿಷಯವನ್ನೂ ಹೇಳಿದೆ. ಅದನ್ನು ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಹೋಗಂಗಿಲ್ಲ ಅಂದ್ಕೊಂಡಿ?" ಎಂದ. ದನಿ ಏರಿರಲಿಲ್ಲ. "ಮಾಳಿಗಿ ಮ್ಯಾಲ ಮಂದಿ ಇದ್ರು. ಹೋಗೇ ಹೋಗ್ತಿದ್ನಿ. ಆದ್ರ ಎಂಜಿನ್ ನಂಬೂ ಹಂಗಿಲ್ಲ ಅಂತ ಗೊತ್ತಿದ್ರ ನೇರ ದಾಟತಿದ್ದಿಲ್ಲ. ಬರೂಮುಂದ ಆಚಿ ದಂಡಿ ಗುಂಟ ಮ್ಯಾಲ ಹೋಗಿ, ಅಲ್ಲಿ ಬೇವಿನ ಗಿಡದ ಬಾಜೂದಿಂದ ಓರೆ ಬಿಡತಿದ್ನಿ. ಅಲ್ಲಿ ಬಂದ್ ಬಿದ್ರ ಹೊಳೀನ ತಂದು ಕಬ್ಬಿನಾಗ ಕುಂಡರಸತಿತ್ತು. ಎದಿಮಟ ನೀರು. ಇಳದ ನಡಕೋತ ಬರತಿದ್ವಿ."

ಹೆಂಡತಿ ಚಹಾ ತಂದಿಟ್ಟಳು. ಅವನು ಎಡಗೈಯಿಂದ ನನ್ನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು, ಬಲಗೈಯ ಉಳಿದ ಬೆರಳುಗಳಲ್ಲಿ ಹಿಡಿದು ಮಡಚಲು ನೋಡಿದ. ಮಡಿಕೆ ಸರಿಯಾಗಲಿಲ್ಲ. ಹಾಗೇ ಕಿಸೆಗೆ ತುರುಕಿಕೊಂಡ.

"ಚಾ ಕುಡದು ಹೋಗು," ಎಂದು ಎದ್ದು, ಹೊಳೆಯ ಕಡೆ ನಡೆದುಬಿಟ್ಟ.